ಹಚ್ಚು ಅಂದರೆ ಏನು ಹಚ್ಚಲಿ

ನಾನು ಭಾಲ್ಕಿಯ ಒಂದು ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುತ್ತೇನೆ. ಮನೆ ಬೀದರಿನ ಹಳೆ ಊರಿನಲ್ಲಿ, ದಿನಾ ಬಸ್ಸಿನಲ್ಲಿ ಹೋಗಿ ಬರುವುದು. ಒಂದು ಪದಕ್ಕೆ ಎಷ್ಟು ಅರ್ಥ ಇವೆ ಎಂದು ಮಕ್ಕಳನ್ನು ಕೇಳಿ, ಅವರು ಒಂದನ್ನು ಬರೆದು ಪೆನ್ನು ಮುಚ್ಚಿದರೆ ಸಿಡಿಮಿಡಿಗೊಳ್ಳುವುದು ನನ್ನ ಉದ್ಯೋಗ. ನಾನಾರ್ಥದ ಪಾಠ ಎಂದರೆ ನನಗೆ ಹಬ್ಬ. ದೇವರಿಗೆ ನನ್ನ ಈ ಸೊಕ್ಕು ಗೊತ್ತಿದ್ದಿರಬೇಕು. ನನ್ನ ಗಂಡನ ಬಾಯಿಂದ ಎಲ್ಲ ಮಾತುಗಳನ್ನೂ ಕಸಿದುಕೊಂಡು ಒಂದನ್ನು ಮಾತ್ರ ಬಿಟ್ಟ.

ನಮ್ಮವರಿಗೆ ಲಕ್ವಾ ಹೊಡೆಯಿತು. ಬಲಗೈ, ಬಲಗಾಲು ಬಿದ್ದವು, ಮಾತು ಹೋಯಿತು. ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಒಂದು ಮುಂಜಾನೆ ಬಾಯಿ ತೆರೆದು, ಸ್ಪಷ್ಟವಾಗಿ, "ಹಚ್ಚು" ಎಂದರು. ನಾನು ಕುಣಿದಾಡಿಬಿಟ್ಟೆ. ಫ್ಯಾನ್ ಹಚ್ಚಿದೆ. ಅವರು ಮತ್ತೆ "ಹಚ್ಚು" ಎಂದರು. ಊಟಕ್ಕೆ ಕರೆದಾಗಲೂ ಹಚ್ಚು, ಸ್ನಾನ ಬೇಡ ಎನ್ನುವಾಗಲೂ ಹಚ್ಚು, ಮಗಳು ಫೋನಿನಲ್ಲಿ ಅತ್ತಾಗಲೂ ಹಚ್ಚು. ಕೆಲವರಿಗೆ ಹೀಗೆ ಒಂದೇ ಪದ ಉಳಿಯುತ್ತದೆ, ಏನು ಹೇಳಹೋದರೂ ಅದೇ ಬಾಯಿಗೆ ಬರುತ್ತದೆ ಎಂದು ಡಾಕ್ಟರು ಹೇಳಿದರು. ಒಳಗೆ ತಿಳಿವಳಿಕೆ ಎಷ್ಟು ಉಳಿದಿದೆ ಎಂದು ಕೇಳಿದ್ದಕ್ಕೆ, "ಈಗಲೇ ಹೇಳಲಿಕ್ಕೆ ಬರಂಗಿಲ್ಲರಿ, ನೋಡಬೇಕು" ಎಂದರು.

ಉಳಿಯುವುದಾದರೆ ಬೇರೆ ಯಾವುದಾದರೂ ಪದ ಉಳಿಯಬಾರದಿತ್ತೇ! ದೀಪ ಹಚ್ಚುವುದನ್ನು ಎಲ್ಲ ಕನ್ನಡಿಗರೂ ಮಾಡುತ್ತಾರೆ. ನಮ್ಮ ಕಡೆ ಹಚ್ಚು ಮಾಡದ ಕೆಲಸವೇ ಇಲ್ಲ. ನಾವು ಟಿವಿ ಹಚ್ಚುತ್ತೇವೆ, ಫೋನ್ ಹಚ್ಚುತ್ತೇವೆ, ತಲೆಗೆ ಎಣ್ಣೆ ಹಚ್ಚುತ್ತೇವೆ, ಮೊಣಕಾಲಿಗೆ ಮುಲಾಮು ಹಚ್ಚುತ್ತೇವೆ, ಮಕ್ಕಳನ್ನು ಸಾಲಿಗೆ ಹಚ್ಚುತ್ತೇವೆ, ಗಾಡಿಯನ್ನು ಗೋಡೆಗೆ ಹಚ್ಚಿ ನಿಲ್ಲಿಸುತ್ತೇವೆ, ನೆಂಟರ ನಡುವೆ ಜಗಳ ಹಚ್ಚುತ್ತೇವೆ, ಸುಮ್ಮನಿದ್ದವರನ್ನು ಅಳಲಿಕ್ಕೆ ಹಚ್ಚುತ್ತೇವೆ. ಇಷ್ಟರಲ್ಲಿ ಅವರಿಗೆ ಯಾವುದು ಬೇಕು? ಕನ್ನಡ ಟೀಚರಿಗೆ ಬಂದ ಪ್ರಶ್ನೆಪತ್ರಿಕೆ ನೋಡಿ.

ಮನೆಯ ಕೆಳಗಿನ ಕೋಣೆಯಲ್ಲಿ ಅವರ ಅಂಗಡಿ. ಲಗ್ನದ ಕಾರ್ಡು, ಸಾಲಿಯ ಪ್ರಶ್ನೆಪತ್ರಿಕೆ, ವ್ಯಾಪಾರಿಗಳ ಬಿಲ್ ಬುಕ್ಕು, ಶ್ರದ್ಧಾಂಜಲಿಯ ಹಾಳೆ, ಎಲ್ಲವನ್ನೂ ಕಂಪ್ಯೂಟರಿನಲ್ಲಿ ಜೋಡಿಸಿ ಕೊಡುತ್ತಿದ್ದರು. ನಮ್ಮ ಓಣಿಯವರಿಗೆ ಉರ್ದು, ಔರಾದ ಕಡೆಯಿಂದ ಬಂದವರಿಗೆ ಮರಾಠಿ, ಉಳಿದವರಿಗೆ ಕನ್ನಡ. ಅಂಗಡಿಯಲ್ಲಿ ಎರಡು ಕಂಪ್ಯೂಟರು. ಮೇಜಿನ ಮೇಲಿರುವುದು ವಿಂಡೋಸ್‌ನದು, ಅದರ ಮುಂದೆ ಕೂತು ಟೈಪು ಮಾಡುವುದು. ಮೇಜಿನ ಕೆಳಗಿರುವುದು ಲಿನಕ್ಸ್‌ನದು. ಅದಕ್ಕೆ ಪರದೆ ಇಲ್ಲ, ಕೀಬೋರ್ಡ್ ಇಲ್ಲ, ಬರೀ ಡಬ್ಬಿ. ಒಮ್ಮೆ ವೈರಸ್ ಬಂದು ಮೇಲಿನದರಲ್ಲಿ ಟೈಪು ಮಾಡಿಟ್ಟ ಮ್ಯಾಟರ್ ಪೂರಾ ನುಂಗಿಹಾಕಿತ್ತು. ಅಂದಿನಿಂದ ನಮ್ಮವರು ಎಲ್ಲ ಫೈಲುಗಳನ್ನೂ ಕೆಳಗಿನದರಲ್ಲಿ ಇಡುತ್ತಿದ್ದರು, ಪ್ರಿಂಟರನ್ನೂ ಅದಕ್ಕೇ ಜೋಡಿಸಿದ್ದರು. ಮೇಲಿನದು ತಂತಿಯ ಮೂಲಕ ಕೆಳಗಿನದನ್ನು ಕೇಳಿ ಫೈಲು ತರಬೇಕು, ಪ್ರಿಂಟು ತೆಗೆಸಬೇಕು. "ಮ್ಯಾಲಿಂದು ಮಾತಾಡ್ತದ, ಕೆಳಗಿಂದು ನೆನಪಿಡ್ತದ" ಎಂದು ಬಂದವರಿಗೆಲ್ಲ ಹೇಳಿ ನಗುತ್ತಿದ್ದರು.

ಲಕ್ವಾ ಹೊಡೆದಂದಿನಿಂದ ಅಂಗಡಿಗೆ ಬೀಗ. ಮೈದುನ ಔರಾದದಲ್ಲಿ ಬೀಜ, ಗೊಬ್ಬರದ ಅಂಗಡಿ ಇಟ್ಟಿದ್ದಾನೆ. ಒಳ್ಳೆಯವನೇ. ಆಸ್ಪತ್ರೆಯಲ್ಲಿ ನನ್ನ ಜೊತೆ ಹಗಲಿಡೀ ನಿಂತವನು. ಅವನು ಒಂದು ಭಾನುವಾರ ಬಂದು ಅಣ್ಣನ ಮಂಚದ ಪಕ್ಕದಲ್ಲೇ ಕೂತು ಮಾತು ತೆಗೆದ.

"ವೈನಿ, ಕೆಳಗಿನ ಖೋಲಿ ಮೊಬೈಲ್ ಅಂಗಡಿಯವರು ಕೇಳ್ಲಿಕತ್ತಾರ. ಬಾಡಗಿಗಿ ಕೊಟ್ಟುಬಿಡಮು."

"ನಿಮ್ಮ ಅಣ್ಣನ್ನ ಕೇಳಿದ್ದೇನು?"

"ಅಣ್ಣಗ ಏನ್ ಕೇಳಬೇಕು ವೈನಿ? ಅವಗ ಏನೂ ತಿಳಿವಲ್ದು."

ನಮ್ಮವರು ಸೂರು ನೋಡುತ್ತ ಮಲಗಿದ್ದರು. ನನಗೆ ಮೈಯೆಲ್ಲ ಉರಿಯಿತು. ಮನುಷ್ಯ ಮುಂದೆಯೇ ಇದ್ದಾನೆ, ಮನೆಯ ಮುರುಕು ಕಪಾಟಿನ ವಿಷಯ ಆಡಿದಂತೆ ಆಡುತ್ತಿದ್ದಾನಲ್ಲ! "ಅಂಗಡಿ ನಾನು ನಡಸ್ತೇನಿ. ಸಾಲಿ ಬಿಟ್ಟ ಮ್ಯಾಲ ಕುಂದರ್ತೇನಿ. ಅವರು ಬಾಜೂಕ ಕುಂತು ನೋಡ್ತಾರ" ಎಂದೆ. ಮೈದುನ ವಾದ ಮಾಡಲಿಲ್ಲ. "ಆಗ್ಲಿ ವೈನಿ, ನಡೀತದೇನು ನೋಡ್ರಿ. ನಡೀಲಿಲ್ಲಂದ್ರ ಕೊಟ್ಟುಬಿಡಮು" ಎಂದ.

ಬೀಗ ತೆಗೆದು ಎರಡನ್ನೂ ಹಚ್ಚಿದೆ. ಕೆಳಗಿನದು ಗುರ್ ಎಂದಿತು. ಮೇಲಿನದರ ಪರದೆ ಬೆಳಗಿತು. ಅದರಲ್ಲಿ ಫೈಲು ಇರುವ ಫೋಲ್ಡರ್ ಒತ್ತಿದರೆ, ದಾರಿ ಸಿಗುತ್ತಿಲ್ಲ ಎಂದು ಇಂಗ್ಲಿಷಿನಲ್ಲಿ ಬರೆದು ತೋರಿಸಿತು. ಗೇಣು ದೂರದಲ್ಲಿ, ತನ್ನ ಕಾಲ ಬುಡದಲ್ಲೇ ಇರುವ ಡಬ್ಬಿಗೆ ದಾರಿ ಸಿಗುವುದಿಲ್ಲವಂತೆ. ತಂತಿ ತೆಗೆದು ಹಾಕಿದೆ. ಆರಿಸಿ ಹಚ್ಚಿದೆ. ಬೈದೆ. ನನಗೆ ಕಂಪ್ಯೂಟರಿನಲ್ಲಿ ಗೊತ್ತಿರುವುದು ಕನ್ನಡ ಟೈಪು ಮಾಡುವುದಷ್ಟೇ. ಅದನ್ನೂ ನಮ್ಮವರೇ ಕಲಿಸಿದ್ದು.

ನಮ್ಮ ಶಾಲೆಯ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ರಿಪೇರಿಯವರೊಬ್ಬರು ಭಾಲ್ಕಿಯಲ್ಲಿದ್ದಾರೆ. ನನ್ನಷ್ಟೇ ವಯಸ್ಸಿನ ಮುಸಲ್ಮಾನರು, ಮನೆಯಲ್ಲಿ ಉರ್ದು, ನಮ್ಮ ಜೊತೆ ಚೊಕ್ಕ ಬೀದರ ಕನ್ನಡ. ಅವರನ್ನು ಕಾಡಿ ಬೇಡಿ ಮುಂದಿನ ಭಾನುವಾರ ಕರೆಸಿದೆ. ಅವತ್ತು ಮೈದುನನೂ ಬಂದಿದ್ದ. ಇಬ್ಬರೂ ಸೇರಿ ನಮ್ಮವರನ್ನು ಕುರ್ಚಿ ಸಮೇತ ಎತ್ತಿ ಕೆಳಗೆ ತಂದು, ಅವರು ಯಾವಾಗಲೂ ಕೂರುತ್ತಿದ್ದ ಜಾಗದ ಪಕ್ಕದಲ್ಲಿ ಕೂರಿಸಿದರು. ಅಂಗಡಿಯ ಶಾಯಿಯ ವಾಸನೆಗೆ ಅವರ ಮೂಗು ಅರಳಿತು. ಅಥವಾ ಅರಳಿತೆಂದು ನನಗೆ ಅನ್ನಿಸಿತು.

ರಿಪೇರಿಯವರು ಸ್ವಲ್ಪ ಹೊತ್ತು ನೋಡಿ ಗಡ್ಡ ಕೆರೆದುಕೊಂಡರು. "ಅಕ್ಕೋರೆ, ಇಂಟರ್ನೆಟ್‌ನವ್ರು ನಿಮ್ಮ ಮನ್ಯಾಗಿನ ವೈಫೈ ಡಬ್ಬಿ ಬದಲ ಮಾಡ್ಯಾರ. ಅದಕ್ಕ ಕೆಳಗಿಂದರ ಅಡ್ರೆಸ್ ಬದಲ ಆಗ್ಯಾದ. ಅದು ಸರಿ ಮಾಡಬಹುದು. ಮತ್ತ ಮ್ಯಾಲಿಂದು ತಾನೇ ಅಪ್‌ಡೇಟ್ ಆಗ್ಯಾದ. ಕೆಳಗಿಂದು ಹಳೇ ಜಬಾನ್‌ದಾಗ ಮಾತಾಡ್ತದ, ಮ್ಯಾಲಿಂದು ಅದನ್ನ ಮರ್ತುಬಿಟ್ಟದ."

"ಅಂದ್ರ ಇವಕ್ಕೂ ಲಕ್ವಾ ಅನ್ರಿ" ಎಂದೆ. ನನ್ನ ನಾಲಿಗೆಯೇ ಹಾಗೆ. ಯಾರೂ ನಗಲಿಲ್ಲ.

ಅವರು ಎಲ್ಲೆಲ್ಲೋ ಹೊಕ್ಕು, ಮೇಲಿನದಕ್ಕೆ ಆ ಹಳೆ ಭಾಷೆಯನ್ನು ಮತ್ತೆ ಕಲಿಸಿದರು. ಪರದೆಯಲ್ಲಿ ಕೆಳಗಿನದರ ಹೆಸರು ಮೂಡಿತು. ಅದರ ಕೆಳಗೆ ಪ್ರಿಂಟರಿನ ಚಿತ್ರ. ನಾನು ಕೈ ಮುಗಿಯುವುದೊಂದು ಬಾಕಿ. ಅಷ್ಟರಲ್ಲಿ ಒಂದು ಚಿಕ್ಕ ಕಿಟಕಿ ತೆರೆದುಕೊಂಡು ಪಾಸ್‌ವರ್ಡ್ ಕೇಳಿತು. ಮೊದಲು ಮೇಲಿನದು ಅದನ್ನು ತಾನೇ ನೆನಪಿಟ್ಟುಕೊಂಡಿತ್ತಂತೆ, ಈಗ ಅದನ್ನೂ ಮರೆತಿತ್ತು. ಗೊತ್ತಿದ್ದವರು ಒಬ್ಬರೇ, ಪಕ್ಕದ ಕುರ್ಚಿಯಲ್ಲಿದ್ದರು.

"ಮೊದಲ ಕನ್ನಡ ಬಂದ್ ಮಾಡ್ತೇನಿ. ಪಾಸ್‌ವರ್ಡ್ ಇಂಗ್ಲಿಷ್‌ದಾಗೇ ಇರ್ತದ" ಎಂದು ರಿಪೇರಿಯವರು ಕೀಬೋರ್ಡಿನ ಮೇಲಿನ ಒಂದು ಗುಂಡಿ ಒತ್ತಿದರು. ಕನ್ನಡ ಸಾಫ್ಟ್‌ವೇರ್ ಚಾಲೂ ಇದ್ದರೆ ಮೂಲೆಯಲ್ಲಿ ಒಂದು ಸಣ್ಣ ಹಸಿರು ದೀಪ ಉರಿಯುತ್ತದೆ, ಗುಂಡಿ ಒತ್ತಿದರೆ ದೀಪ ಆರಿ ಅಕ್ಷರಗಳು ಇಂಗ್ಲಿಷಿಗೆ ಬರುತ್ತವೆ. ದೀಪ ಆರಿತು.

"ಹಚ್ಚು" ಎಂದರು ನಮ್ಮವರು.

ನಾವು ಮೂವರೂ ತಿರುಗಿದೆವು. ಅವರ ಎಡಗೈ ಮೇಲೆದ್ದಿತ್ತು, ಮೇಜಿನ ಕಡೆಗೋ ಗೋಡೆಯ ಕಡೆಗೋ ತೂರಾಡುತ್ತಿತ್ತು. ಮೈದುನ ಓಡಿ ಫ್ಯಾನ್ ಹಚ್ಚಿದ. "ಹಚ್ಚು." ನಾನು ಟ್ಯೂಬ್‌ಲೈಟ್ ಹಚ್ಚಿದೆ. "ಹಚ್ಚು, ಹಚ್ಚು." ರಿಪೇರಿಯವರು ಪ್ರಿಂಟರ್ ಹಚ್ಚಿದರು, ಮೊದಲೇ ಹಚ್ಚಿದ್ದನ್ನು ಆರಿಸಿ ಇನ್ನೊಮ್ಮೆ ಹಚ್ಚಿದರು. ಯಾರಿಗಾದರೂ ಫೋನ್ ಹಚ್ಚಬೇಕೇನೋ ಎಂದು ನಾನು ಅವರ ಮೊಬೈಲ್ ತಂದು ಮುಂದೆ ಹಿಡಿದೆ. ಅದನ್ನು ತಳ್ಳಿದರು. ಮೊಬೈಲ್ ಕೆಳಗೆ ಬಿತ್ತು. ಅವರು ಗಟ್ಟಿಯಾಗಿ ಇನ್ನೊಮ್ಮೆ ಆ ಮಾತು ಹೇಳಿ, ಬಾಯಿ ಸೊಟ್ಟ ಮಾಡಿ ಅಳಲಿಕ್ಕೆ ಶುರು ಮಾಡಿದರು. ಹಚ್ಚು ಎಂಬ ಮಾತಿಗೆ ಆ ದಿನ ನಮ್ಮಿಂದ ಸಾಧ್ಯವಾದ ಅರ್ಥ ಅದೊಂದೇ, ಅವರನ್ನು ಅಳಲಿಕ್ಕೆ ಹಚ್ಚಿದೆವು.

ಮೈದುನ ಅಣ್ಣನ ಕಣ್ಣು ಒರೆಸಿದ. "ನೋಡ್ರಿ ವೈನಿ. ಸುಮ್ಮ ಯಾಕ ಅವಗ ತ್ರಾಸ ಕೊಡ್ತೀರಿ?"

ಕೂತು ನನಗೆ ಹೊಳೆದದ್ದನ್ನೆಲ್ಲ ಒಂದೊಂದೇ ಹೇಳಿದೆ, ರಿಪೇರಿಯವರು ಟೈಪು ಮಾಡಿದರು. ಮಗಳ ಹೆಸರು, ಅತ್ತೆಯ ಹೆಸರು, ಮನೆದೇವರು, ಅಂಗಡಿಯ ಹೆಸರು, ನನ್ನ ಹೆಸರು. ನನ್ನ ಹೆಸರಿಗೂ ತಪ್ಪು ಎಂದಾಗ, ಹೇಳಿದರೆ ನಗುತ್ತೀರಿ, ಸ್ವಲ್ಪ ಸಿಟ್ಟೇ ಬಂತು. ನಮ್ಮವರ ಹುಟ್ಟೂರು ಮೆಹಕರ. ಭಾಲ್ಕಿ ತಾಲೂಕು, ಮಹಾರಾಷ್ಟ್ರದ ಗಡಿಗೆ ಹತ್ತಿದ ಹಳ್ಳಿ. ಊರ ಮಾತು ಬಂದರೆ ಅವರು ಊಟ ಮರೆಯುತ್ತಿದ್ದರು. ಅದನ್ನೂ ಹೇಳಿದೆ. ಇಂಗ್ಲಿಷಿನಲ್ಲಿ ಆ ಹೆಸರನ್ನು ಬಸ್ಸಿನ ಬೋರ್ಡಿನವರು ಒಂದು ತರಹ ಬರೆಯುತ್ತಾರೆ, ಬ್ಯಾಂಕಿನವರು ಇನ್ನೊಂದು ತರಹ. ಎಲ್ಲ ತರಹವೂ ತಪ್ಪು.

"ಕೆಳಗಿಂದು ಬಿಚ್ಚಿ ಡಿಸ್ಕ್ ತಗೀಲಿಕ್ಕಿ ಬರಂಗಿಲ್ಲೇನ್ರಿ?" ಎಂದು ಮೈದುನ ಕೇಳಿದ.

"ವಿಂಡೋಸ್ ಆಗಿದ್ರ ನಾನೇ ತಗೀತಿದ್ದೆ. ಲಿನಕ್ಸ್ ನನಗ ಅಷ್ಟು ಬರಂಗಿಲ್ಲರಿ, ಸುಳ್ಳ ಯಾಕ ಹೇಳ್ಲಿ? ಹೈದರಾಬಾದಿಗಿ ಕಳಸಬೇಕು. ಡಿಸ್ಕ್ ಬ್ಯಾರೆ ಹಳೇದದ, ಟಕ್ ಟಕ್ ಅಂತದ ಕೇಳ್ರಿ. ಬಂದ್ರ ಬಂತು, ಹೋದ್ರ ಹೋಯ್ತು." ರಿಪೇರಿಯವರು ನನ್ನ ಮುಖ ನೋಡಿದರು. "ಇಲ್ಲಂದ್ರ ಅಕ್ಕೋರೆ, ಎಲ್ಲಾ ಅಳಸಿ ಹೊಸಾ ವಿಂಡೋಸ್ ಹಾಕಿ ಕೊಡ್ತೇನಿ. ಪ್ರಿಂಟರ್ ಆದ್ರೂ ನಡೀತದ."

ಅಳಿಸುವುದೆಂದರೆ ಅವರ ಅಷ್ಟೂ ವರ್ಷದ ಕೆಲಸವನ್ನು ಅಳಿಸುವುದು. ಗಿರಾಕಿಗಳು ಬರುವುದೇ, "ದೊಡ್ಡಾಕಿ ಲಗ್ನದಾಗ ಮಾಡಿದ್ದೇ ಕಾರ್ಡ್ ಇರ್ಲಿ, ಹೆಸರು ತಾರೀಖು ಬದಲ ಮಾಡ್ರಿ" ಎಂದು. ಆದರೆ ನಿಜ ಹೇಳುತ್ತೇನೆ, ನನಗೆ ಆ ಫೈಲುಗಳಿಗಿಂತ ಪಾಸ್‌ವರ್ಡೇ ಬೇಕಾಗಿತ್ತು, ಅದೂ ಅವರ ಕಡೆಯಿಂದಲೇ ಬರಬೇಕಿತ್ತು. ಅವರು ಹೇಗಾದರೂ ಮಾಡಿ ಅದನ್ನು ಹೇಳಿದರೆ, ಒಳಗೆ ಅವರು ಇದ್ದಾರೆ ಎಂದು ಮೈದುನನ ಮುಂದೆ, ಓಣಿಯ ಮುಂದೆ, ನನ್ನ ಮುಂದೆ ಸಾಬೀತಾಗುತ್ತಿತ್ತು. ಮಾತು ಹೋದರೆ ಹೋಗಲಿ, ಮನುಷ್ಯ ಹೋಗಿಲ್ಲ ಎಂದು ಯಾರಾದರೂ ನನಗೆ ಹೇಳಬೇಕಾಗಿತ್ತು.

ಮುಂದಿನ ಭಾನುವಾರ ಅಳಿಸುವುದೆಂದು ನಿಶ್ಚಯವಾಯಿತು. ಖೋಲಿಯ ಬಾಡಿಗೆಯ ಮಾತನ್ನೂ ಅವತ್ತೇ ಮುಗಿಸೋಣ ಎಂದು ಮೈದುನ ಹೇಳಿ ಹೋದ. ಕೆಟ್ಟ ಧ್ವನಿಯಲ್ಲಿ ಹೇಳಲಿಲ್ಲ.

ಆ ವಾರ ಬಸ್ಸಿನಲ್ಲಿ ಹೋಗುತ್ತ ಬರುತ್ತ ನನ್ನ ತಲೆಯಲ್ಲಿ ಆ ಪದದ್ದೇ ಕಾಟ. ಶಾಲೆಯಲ್ಲಿ ಒಬ್ಬಳು ಹುಡುಗಿ, "ಟೀಚರ್, ಅಚ್ಚು ಅಂದ್ರ ಪ್ರಿಂಟ್ ಏನ್ರಿ?" ಎಂದು ಕೇಳಿದಳು. ಹೌದು ಎಂದವಳಿಗೆ ಥಟ್ಟನೆ ಹೊಳೆಯಿತು. ನಮ್ಮವರು ಹೇಳುತ್ತಿರುವುದು ಅಚ್ಚು ಇರಬಹುದೇ? ಪ್ರಿಂಟು ತೆಗೆ ಎನ್ನುತ್ತಿರಬಹುದೇ? ಮನೆಗೆ ಬಂದವಳೇ ಚಪ್ಪಲಿ ಸಹ ಬಿಡದೆ ಕೇಳಿದೆ, "ರೀ, ಅಚ್ಚು ಅಂತೀರೇನ್ರಿ?" ಅವರು ನನ್ನನ್ನೇ ನೋಡಿ ಹಚ್ಚು ಎಂದರು. ಹಕಾರ ಬೆಣ್ಣೆಯಲ್ಲಿ ಕೂದಲೆಳೆದಷ್ಟು ನಯವಾಗಿತ್ತು. ಇತ್ತೋ ಇಲ್ಲವೋ ನನಗೆ ಹೇಳಲಾಗಲಿಲ್ಲ.

ಆ ವಾರದ ಒಂದು ಸಂಜೆ, ಕಿರುಪರೀಕ್ಷೆಯ ಪ್ರಶ್ನೆಪತ್ರಿಕೆ ಟೈಪು ಮಾಡಲು ಅಂಗಡಿಗೆ ಇಳಿದೆ. ಓಣಿಯ ಇಬ್ಬರು ನಮ್ಮವರನ್ನೂ ಕೆಳಗೆ ಕೂರಿಸಿಕೊಟ್ಟು ಹೋದರು. ಹಸಿರು ದೀಪ ಹಚ್ಚಿ ಕನ್ನಡ ಚಾಲೂ ಮಾಡಿ, ಒಂದೊಂದೇ ಅಕ್ಷರ ಹುಡುಕುತ್ತ ಬರೆದೆ. ಕೆಳಗಿನ ಪದಗಳಿಗೆ ನಾನಾರ್ಥ ಬರೆಯಿರಿ. ಕರ, ಅರಸು, ಹತ್ತು. ಮುಗಿಸಿ, ಅಭ್ಯಾಸದ ಬಲದಿಂದ ಪ್ರಿಂಟಿಗೆ ಒತ್ತಿದೆ. ಪ್ರಿಂಟರ್ ಕೆಳಗಿನದರ ಕೈಯಲ್ಲಿತ್ತಲ್ಲ, ಅದೇ ಕಿಟಕಿ ತೆರೆದು ಅದೇ ಪಾಸ್‌ವರ್ಡ್ ಕೇಳಿತು.

"ಹಚ್ಚು" ಎಂದರು ಪಕ್ಕದಿಂದ.

"ಏನ್ ಹಚ್ಲಿರಿ?" ಎಂದು ರೇಗಿದೆ. "ಫ್ಯಾನ್ ಹತ್ತ್ಯದ, ಲೈಟ್ ಹತ್ತ್ಯದ, ಇನ್ನೇನ್ ಬೆಂಕಿ ಹಚ್ಲೇನು?"

ರೇಗಿದ ಮೇಲೆ ನಾಚಿಕೆಯಾಗಿ, ಕೈಗೆ ಏನಾದರೂ ಕೆಲಸ ಬೇಕೆಂದು, ಎಷ್ಟನೆಯ ಸಲವೋ, ಅವರ ಊರಿನ ಹೆಸರನ್ನು ಒತ್ತಲು ಹೋದೆ. ಹಸಿರು ದೀಪ ಆರಿಸುವುದನ್ನು ಮರೆತಿದ್ದೆ. ಬೆರಳು ಕನ್ನಡದ ಕೀಲಿಗಳ ಮೇಲೇ ಇತ್ತು. ಮೆ, ಹ, ಕ, ರ. ಪಾಸ್‌ವರ್ಡಿನ ಜಾಗದಲ್ಲಿ ಅಕ್ಷರ ಕಾಣುವುದಿಲ್ಲ, ಕರಿ ಚುಕ್ಕೆ ಮಾತ್ರ. ನಾನು ಒತ್ತಿದ್ದಕ್ಕಿಂತ ಚುಕ್ಕೆಗಳು ಬಹಳ ಬಿದ್ದವು. ಏನೋ ಕೆಟ್ಟಿತು ಎಂದುಕೊಂಡು ಎಂಟರ್ ಒತ್ತಿದೆ. ಕಿಟಕಿ ಮುಚ್ಚಿಕೊಂಡಿತು. ತಪ್ಪು ಎಂದು ಹೇಳಲಿಲ್ಲ. ಮೇಜಿನಾಚೆಗೆ ಪ್ರಿಂಟರ್ ಕೆಮ್ಮಿ, ಗಂಟಲು ಸರಿಮಾಡಿಕೊಂಡು, ನನ್ನ ಪ್ರಶ್ನೆಪತ್ರಿಕೆಯನ್ನು ಹೊರಗೆ ತಳ್ಳಿತು.

ರಿಪೇರಿಯವರಿಗೆ ಫೋನ್ ಹಚ್ಚಿದೆ. ಅವರು ಬಹಳ ಹೊತ್ತು ನಕ್ಕರು. "ತೌಬಾ! ಅಕ್ಕೋರೆ, ನಿಮ್ಮ ಯಜಮಾನ್ರು ಕನ್ನಡ ಚಾಲೂ ಇಟ್ಟೇ ಪಾಸ್‌ವರ್ಡ್ ಕೂಡ್ಸ್ಯಾರ. ಆ ಹಳೇ ಫಾಂಟ್‌ದಾಗ ಒಂದು ಅಕ್ಷರಕ್ಕ ಎರಡು ಮೂರು ತುಂಡು ಬೀಳ್ತಾವ. ದಿನಾ ಅದೇ ಕೀಬೋರ್ಡ್‌ದಾಗ ಒತ್ತೋರಿಗಿ ಗೊತ್ತಾಗಂಗಿಲ್ಲ. ನಾವು ದೀಪ ಆರಿಸಿ ಆರಿಸಿ ಒತ್ತಿದ್ರ ಕಯಾಮತ್ ತನಕ ಹತ್ತತಿದ್ದಿಲ್ಲ."

ನಮ್ಮವರು ಆ ದೀಪವನ್ನು ಆರಿಸಿದ್ದನ್ನು ನಾನು ನೋಡಿದ್ದೇ ಕಡಿಮೆ. ಮೂರು ಭಾಷೆಯ ಕೆಲಸ ಮಾಡಿದರೂ ಕೈ ತಾನಾಗಿ ಹೋಗುತ್ತಿದ್ದದ್ದು ಕನ್ನಡಕ್ಕೆ. ಭಾನುವಾರ ಅವರ ಎದುರಿಗೇ ಆ ದೀಪ ಆರಿತ್ತು. ಆರಿದ ಕೂಡಲೇ ಅವರು ಹಚ್ಚು ಎಂದಿದ್ದರು. ನಾವು ಮೂವರು ತಿಳಿದವರು ಮನೆಯಲ್ಲಿರುವುದನ್ನೆಲ್ಲ ಹಚ್ಚಿದೆವು, ಅದೊಂದನ್ನು ಬಿಟ್ಟು.

ಅವರ ಮೊಣಕಾಲ ಹತ್ತಿರ ಕೂತು, ಹಾಳೆಯನ್ನು ಎಡಗೈಗೆ ಕೊಟ್ಟು ಕೇಳಿದೆ. "ಹಸಿರು ಲೈಟ್ ಹಚ್ಚು ಅಂತ ಹೇಳ್ತಿದ್ರಿ, ಹೌದಲ್ರಿ? ನಂಗ ತಿಳೀಲಿಲ್ಲ. ಹೌದಂದ್ರ ಬೆರಳು ಒತ್ತ್ರಿ."

ಅವರು ಹಾಳೆ ನೋಡಿದರು, ನನ್ನನ್ನು ನೋಡಿದರು. ಬೆರಳು ಒತ್ತಲಿಲ್ಲ. "ಹಚ್ಚು" ಎಂದರು, ಫ್ಯಾನಿಗೆ, ಊಟಕ್ಕೆ, ಮಗಳ ಅಳುವಿಗೆ ಹೇಳುತ್ತಿದ್ದ ಅದೇ ಧ್ವನಿಯಲ್ಲಿ.

ಭಾನುವಾರ ಮೈದುನ ಬಂದ. ಫೋಲ್ಡರ್ ತೆರೆದು ತೋರಿಸಿದೆ. ಅವನ ಔರಾದದ ಅಂಗಡಿಯ ಮೊದಲ ಬಿಲ್ ಬುಕ್ಕಿನ ಮ್ಯಾಟರ್ ಸಿಕ್ಕಿತು, ಎತ್ತಿನ ಚಿತ್ರ ಸಮೇತ. ಅವನು ಪರದೆಯ ಹತ್ತಿರ ಬಗ್ಗಿ ಬಹಳ ಹೊತ್ತು ಆ ಎತ್ತನ್ನೇ ನೋಡಿದ. "ಆಯ್ತು ವೈನಿ, ಅಂಗಡಿ ಇರ್ಲಿ. ಮೊಬೈಲ್‌ನವ್ರಿಗಿ ಇಲ್ಲಂತ ಹೇಳ್ತೇನಿ." ಆಮೇಲೆ ದನಿ ತಗ್ಗಿಸಿ, "ಖರೇ ಹೇಳ್ರಿ. ಅಣ್ಣ ಹೇಳಿದ್ನೋ, ಸುಮ್ಮ ಹತ್ತಿತೋ?"

"ಅವರೇ ಹೇಳಿದ್ರು" ಎಂದೆ. ತಡವರಿಸದೆ ಹೇಳಿದೆ. ಮೈದುನ ಅಣ್ಣನ ಕಾಲು ಮುಟ್ಟಿ, ಚಿಕ್ಕವನಂತೆ ಅಳುತ್ತ ಅವರ ಜೊತೆ ಮಾತಾಡಲಿಕ್ಕೆ ಶುರು ಮಾಡಿದ. ಬಿತ್ತನೆ, ಮಳೆ, ಮೆಹಕರದ ಸುದ್ದಿ, ಎಲ್ಲ. ಅಂದಿನಿಂದ ಅವನು ಬಂದಾಗಲೆಲ್ಲ ಅಣ್ಣನನ್ನು ಕೇಳದೆ ಒಂದು ಮಾತೂ ಮುಗಿಸುವುದಿಲ್ಲ.

ಅಂಗಡಿ ನಡೆಯುತ್ತಿದೆ. ಸಂಜೆ ನಾನು ಟೈಪು ಮಾಡುತ್ತೇನೆ, ಅವರು ಪಕ್ಕದಲ್ಲಿರುತ್ತಾರೆ. ಕಂಪ್ಯೂಟರ್ ಎಷ್ಟೋ ಪಾಲು ಮೇಲು ಅನ್ನಿಸುತ್ತದೆ. ತಪ್ಪು ಒತ್ತಿದರೆ ತಪ್ಪು ಎಂದು ಹೇಳುತ್ತದೆ, ಸರಿ ಒತ್ತಿದರೆ ತೆರೆದುಕೊಳ್ಳುತ್ತದೆ. ಇವರು ಎರಡನ್ನೂ ಹೇಳುವುದಿಲ್ಲ.

ನಿನ್ನೆ ಊಟವಾದ ಮೇಲೆ ನನ್ನ ಸೆರಗು ಹಿಡಿದು, "ಹಚ್ಚು" ಎಂದರು. ಫ್ಯಾನ್ ಹಚ್ಚಿದೆ. ಅಲ್ಲ. ಟಿವಿ ಹಚ್ಚಿದೆ. ಅಲ್ಲ. ಮುಲಾಮು ಹಚ್ಚಿದೆ, ಮಗಳಿಗೆ ಫೋನ್ ಹಚ್ಚಿದೆ, ಕೆಳಗೆ ಹೋಗಿ ಆ ಹಸಿರು ದೀಪವನ್ನೂ ಹಚ್ಚಿ ಬಂದೆ. ಸೆರಗು ಬಿಡಲಿಲ್ಲ. ಕೊನೆಗೆ ಪಕ್ಕದಲ್ಲಿ ಕೂತು, "ಹೂಂ ರಿ, ಹಚ್ತೇನಿ" ಎಂದೆ. ಅಷ್ಟಕ್ಕೆ ಅವರು ಸಮಾಧಾನವಾಗಿ ಸೆರಗು ಬಿಟ್ಟು ನಿದ್ದೆಹೋದರು. ಏನನ್ನು ಹಚ್ಚುತ್ತೇನೆಂದು ಮಾತು ಕೊಟ್ಟೆನೋ ನನಗೆ ಗೊತ್ತಿಲ್ಲ.